ಟೋಪಿ ಹಾಡನ್ನು ಮೂರು ಸಲ ಹಾಡಿದ ಬಗ್ಗೆ

ಹೇಳಿಕೆ ಕೊಟ್ಟವನು: ಸಂಚಾರಿ ನಾಟಕ ಕಂಪನಿಯ ಪ್ರಾಂಪ್ಟರ್, ಕಂಪನಿಯ ಹಾಜರಿ ಪುಸ್ತಕದಲ್ಲಿಯೂ ಹಾಗೆಯೇ ನಮೂದು. ವಯಸ್ಸು ಐವತ್ತಮೂರು. ಆರೋಪಿಯ ಒಡಹುಟ್ಟಿದ ತಮ್ಮ. ವಾಸ: ಕಂಪನಿ ಬಿಡಾರ ಹೂಡಿದಲ್ಲಿ, ಸದ್ಯಕ್ಕೆ ರೈಲು ನಿಲ್ದಾಣದ ಹಿಂದಿನ ಮೈದಾನ, ತಗಡಿನ ಥಿಯೇಟರಿನ ಹಿಂಬದಿಯ ಮೂರನೇ ಗುಡಾರ.

ಯಾರ ಒತ್ತಾಯವೂ ಇಲ್ಲದೆ, ಠಾಣೆಯ ರೈಟರ್ ಅವರ ಮುಂದೆ ಕುಳಿತು ನಾನು ಬರೆಸುವುದು ಏನೆಂದರೆ:

ನಾನು ಮೂವತ್ತೊಂದು ವರ್ಷಗಳಿಂದ ಪ್ರಾಂಪ್ಟರ್ ಕೆಲಸ ಮಾಡುತ್ತಿದ್ದೇನೆ. ರಂಗದ ಎಡಗಡೆಯ ಸೈಡ್ ವಿಂಗಿನಲ್ಲಿ, ಪ್ರೇಕ್ಷಕರಿಗೆ ಕಾಣದಂತೆ ಸ್ಟೂಲಿನ ಮೇಲೆ ಕುಳಿತು, ನಾಟಕದ ಪುಸ್ತಕ ಹಿಡಿದು, ಪಾತ್ರಧಾರಿ ಮಾತು ಮರೆತಾಗ ಮುಂದಿನ ಮಾತಿನ ಮೊದಲ ಪದವನ್ನು ಕೊಡುವುದು ನನ್ನ ಕೆಲಸ. ಕೊಟ್ಟದ್ದು ಪಾತ್ರಧಾರಿಗೆ ಮುಟ್ಟಬೇಕು, ಮೊದಲ ಸಾಲಿನ ಪ್ರೇಕ್ಷಕನಿಗೆ ಮುಟ್ಟಬಾರದು. ಇಷ್ಟು ವರ್ಷಗಳಲ್ಲಿ ನನ್ನ ದನಿ ಸಭಿಕರಿಗೆ ಕೇಳಿಸಿತೆಂಬ ದೂರು ಒಂದೂ ಬಂದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇದೇ ವಿಷಯ ಮುಂದೆ ಕುತ್ತಿಗೆಗೆ ಬಂತಾದ್ದರಿಂದ ಬರೆಸುತ್ತಿದ್ದೇನೆ.

ಆರೋಪಿ ನನ್ನ ಅಣ್ಣ. ವಯಸ್ಸು ಅರವತ್ತೊಂದು. ಹಾಸ್ಯ ಪಾತ್ರಧಾರಿ. ಜನ ಅವನನ್ನು ಟೋಪಿ ಮೇಷ್ಟ್ರು ಎಂದು ಕರೆಯುತ್ತಾರೆ. ನಮ್ಮ ಕಂಪನಿಯ 'ಹಾರಿದ ಟೋಪಿ' ಎಂಬ ಸಂಗೀತ ಹಾಸ್ಯ ನಾಟಕದಲ್ಲಿ ಇಪ್ಪತ್ತಾರು ವರ್ಷಗಳಿಂದ ಮೂಟೆ ಹೊರುವವನ ಪಾತ್ರ ಅವನದೇ. ಹಡಗು ಕಟ್ಟೆಯಲ್ಲಿ ಇಳಿದ ಹೊಸ ದೊರೆಯ ಟೋಪಿ ಗಾಳಿಗೆ ಹಾರಿ ಈ ಮೂಟೆಯವನ ತಲೆಯ ಮೇಲೆ ಕೂರುತ್ತದೆ. ಊರಿನ ಅಧಿಕಾರಿಗಳೆಲ್ಲ ತಲೆ ನೋಡದೆ ಟೋಪಿ ನೋಡಿ ಸಲಾಮು ಹೊಡೆಯುತ್ತಾರೆ, ಇವನು ಹುಕುಂ ಹೊರಡಿಸುತ್ತಾ ಹೋಗುತ್ತಾನೆ. ಮೂರನೇ ಅಂಕದಲ್ಲಿ ಮತ್ತೆ ಗಾಳಿ ಬೀಸಿ ಟೋಪಿ ದೊರೆಗೆ ಸೇರುತ್ತದೆ, ಇವನು ಮೂಟೆಗೆ ಸೇರುತ್ತಾನೆ. ನಾಟಕದಲ್ಲಿ ಇರುವುದು ಇಷ್ಟೇ. ಜನ ನಗಲಿಕ್ಕೆ ಬರುತ್ತಾರೆ, ನಕ್ಕು ಹೋಗುತ್ತಾರೆ.

ಹದಿನಾಲ್ಕು ತಿಂಗಳ ಹಿಂದೆ ಒಂದು ಬೆಳಗ್ಗೆ ಅಣ್ಣ ಗಡ್ಡ ಬೋಳಿಸಿಕೊಂಡು, ಮುಖ ಒರೆಸಿಕೊಂಡು, ಹತ್ತು ನಿಮಿಷದ ಮೇಲೆ ಮತ್ತೆ ಸೋಪು ಹಚ್ಚಿಕೊಂಡು ಕುಳಿತ. ಅತ್ತಿಗೆಯವರು ನಕ್ಕರು. ಮೂರನೇ ಸಲ ಹಚ್ಚಿಕೊಂಡಾಗ ನಗಲಿಲ್ಲ. ಅರವತ್ತಕ್ಕೆ ಅರಳು ಮರಳು ಎಂದು ನಾನು ತಮಾಷೆ ಮಾಡಿ ತಳ್ಳಿಹಾಕಿದೆ. ಅದಾದ ಎರಡು ತಿಂಗಳಿಗೆ ಅವನು ಬೇರೊಂದು ನಾಟಕದ ವೇಷ ಹಾಕಿಕೊಂಡು ಬಣ್ಣದ ಕೋಣೆಯಿಂದ ಹೊರಗೆ ಬಂದ. ಆಮೇಲೆ ಕೆಲವು ದಿನ ಅತ್ತಿಗೆಯವರನ್ನು, ಅವರು ವೇಷ ಕಟ್ಟುತ್ತಿದ್ದ ಕಾಲದ ಪಾತ್ರದ ಹೆಸರಿನಿಂದ ಕರೆದ. ಈಗ ಬೆಳಗ್ಗೆ ಎದ್ದಾಗ ಇದು ಯಾವ ಊರು ಎಂದು ಕೇಳುತ್ತಾನೆ. ಸಂಚಾರಿ ಕಂಪನಿಯಲ್ಲಿ ಯಾರು ಬೇಕಾದರೂ ಕೇಳುವ ಪ್ರಶ್ನೆ ಅದು, ಆದ್ದರಿಂದ ಬಹಳ ದಿನ ಯಾರಿಗೂ ಅನುಮಾನ ಬರಲಿಲ್ಲ.

ಈ ವಿಷಯ ಅತ್ತಿಗೆಯವರಿಗೆ, ನನಗೆ ಮತ್ತು ಹಾರ್ಮೋನಿಯಂ ಮೇಷ್ಟ್ರಿಗೆ ಬಿಟ್ಟರೆ ಕಂಪನಿಯಲ್ಲಿ ಯಾರಿಗೂ ತಿಳಿಯದಂತೆ ನೋಡಿಕೊಂಡೆವು. ಮಾತು ನೆನಪಿಲ್ಲದ ನಟನಿಗೆ ಕಂಪನಿಯಲ್ಲಿ ಜಾಗವಿಲ್ಲ, ಕಂಪನಿ ಬಿಟ್ಟರೆ ನಮಗೆ ಸೂರಿಲ್ಲ. ಮುಚ್ಚಿಟ್ಟದ್ದು ತಪ್ಪಾದರೆ ಆ ತಪ್ಪು ನಮ್ಮ ಮೂವರದು, ಅಣ್ಣನದಲ್ಲ. ಮೊದಲು ದೃಶ್ಯಕ್ಕೆ ಒಂದು ಪದ ಕೊಡುತ್ತಿದ್ದವನು ಬರಬರುತ್ತಾ ಪ್ರತಿ ಮಾತಿಗೂ ಕೊಡತೊಡಗಿದೆ. ಅದಕ್ಕೆ ಅವನು ನನ್ನಿಂದ ಹತ್ತು ಹೆಜ್ಜೆಗಿಂತ ದೂರ ಹೋಗಬಾರದಾಗಿತ್ತು. ಹೀಗಾಗಿ ಅವನು ನಿಲ್ಲುವ ಜಾಗಗಳನ್ನೆಲ್ಲ ಒಂದೊಂದಾಗಿ ಎಡಕ್ಕೆ ಸರಿಸಿದೆವು. ಅವನ ಜೊತೆಯವರೂ ಸರಿದರು, ಮೂಟೆಗಳೂ ಸರಿದವು, ಕಡೆಗೆ ಹಡಗು ಕಟ್ಟೆಯೇ ಸರಿಯಿತು. ಬಲಗಡೆ ಕುಳಿತವರು ತಮಗೆ ಏನೂ ಕಾಣುವುದಿಲ್ಲವೆಂದು ಗಲಾಟೆ ಮಾಡಿದಾಗ ಕಂಪನಿಯ ಯಜಮಾನರು ವಿಚಾರಿಸಿದರು. ಬಲಗಡೆಯ ದೀಪ ಇವರ ಕಣ್ಣಿಗೆ ಚುಚ್ಚುತ್ತದೆ ಎಂದು ಅತ್ತಿಗೆಯವರು ಸುಳ್ಳು ಹೇಳಿದರು. ಆ ಸುಳ್ಳನ್ನೂ ಬರೆದುಕೊಳ್ಳಿ.

ಅಣ್ಣನಿಗೆ ನನ್ನ ದನಿ ಕೇಳಿಸಲೇಬೇಕೆಂದೇನೂ ಇಲ್ಲ. ಅವನು ನನ್ನ ತುಟಿ ನೋಡಿಯೇ ಮಾತು ಹಿಡಿಯುತ್ತಾನೆ. ನಾವು ಚಿಕ್ಕವರಿದ್ದಾಗ ಶಾಲೆಯಲ್ಲಿ ಪದ್ಯ ಒಪ್ಪಿಸುವಾಗಲೂ ಹೀಗೆಯೇ ನಡೆಯುತ್ತಿತ್ತು.

ಹಾಡಿನ ವಿಷಯ ಬೇರೆ. ಎರಡನೇ ಅಂಕದಲ್ಲಿ ಅಣ್ಣ ಟೋಪಿ ಹಾಕಿಕೊಂಡು ಹಾಡುವ ಎಂಟು ಸಾಲಿನ ಹಾಡಿಗೆ ನನ್ನ ಸಹಾಯ ಎಂದೂ ಬೇಕಾಗಿರಲಿಲ್ಲ. ಹಾರ್ಮೋನಿಯಂ ಶುರುವಾದರೆ ಸಾಕು, ಸಾಲುಗಳು ತಾವಾಗಿ ಬರುತ್ತಿದ್ದವು. ಹೆಂಡತಿಯ ಹೆಸರು ಮರೆತ ದಿನವೂ ಆ ಹಾಡು ಮರೆತಿರಲಿಲ್ಲ. ಅದನ್ನು ನೋಡಿ ನಾವು ಸಮಾಧಾನ ಪಟ್ಟುಕೊಂಡಿದ್ದೆವು. ಈಗ ಅದೇ ನಮಗೆ ಮುಳುವಾಯಿತು.

ಕಳೆದ ವರ್ಷದ ಗಲಭೆಗಳ ನಂತರ ಎಲ್ಲ ಕಂಪನಿಗಳೂ ತಮ್ಮ ನಾಟಕಗಳನ್ನು ಮತ್ತೆ ಸರ್ಕಾರಿ ಕಚೇರಿಗೆ ಒಪ್ಪಿಸಬೇಕೆಂದು ಹುಕುಂ ಆಯಿತು. ನಲವತ್ತು ದಿನಗಳ ಹಿಂದೆ ನಮ್ಮ ಪುಸ್ತಕ ವಾಪಸು ಬಂತು. ಟೋಪಿ ಹಾಡಿನ ಕೊನೆಯ ನಾಲ್ಕು ಸಾಲುಗಳ ಮೇಲೆ ಕೆಂಪು ಶಾಯಿ ಎಳೆದಿತ್ತು. ಆ ಸಾಲುಗಳನ್ನು ಬರೆಸಬೇಕೆಂದು ಠಾಣೆಯ ಇನ್ಸ್‌ಪೆಕ್ಟರ್ ಸಾಹೇಬರು ಹೇಳಿದ್ದರಿಂದ ಬರೆಸುತ್ತೇನೆ, ನಾನಾಗಿ ಹೇಳಿದ್ದಲ್ಲ:

ಬಂದವನೆ ಮನೆಯೊಡೆಯ, ಇದ್ದವನು ಬಾಡಿಗೆಗೆ,
ಬಾಗಿಲಲಿ ಕೈಕಟ್ಟಿ ನಿಂತೆವಲ್ಲ;
ಟೋಪಿ ಕೆಳಗಿಟ್ಟೊಮ್ಮೆ ಹಡಗನೇರಯ್ಯ ದೊರೆ,
ತಲೆ ನಮ್ಮದೇ, ನಿನ್ನ ಗೂಟವಲ್ಲ.

ಇವುಗಳ ಬದಲಿಗೆ ಯಜಮಾನರು ತಾವೇ ನಾಲ್ಕು ಸಾಲು ಹೊಸೆದು ಕಚೇರಿಯ ಒಪ್ಪಿಗೆ ಪಡೆದರು:

ಬಂದವನೆ ಪುಣ್ಯಾತ್ಮ, ಇದ್ದವನು ಧನ್ಯನು,
ಬಾಗಿಲಲಿ ಹೂ ಹಿಡಿದು ನಿಂತೆವಲ್ಲ;
ಟೋಪಿ ಬಲು ಚೆಂದವದು, ನೂರ್ಕಾಲ ಧರಿಸು ದೊರೆ,
ತಲೆಗಿಂತ ಮಿಗಿಲಾದ ಗೂಟವಿಲ್ಲ.

ಈ ಸಾಲುಗಳ ಯೋಗ್ಯತೆಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಯಜಮಾನರು ಅನ್ನ ಕೊಡುವವರು.

ಹತ್ತೊಂಬತ್ತು ದಿನ, ದಿನಕ್ಕೆ ಎರಡು ಗಂಟೆಯಂತೆ ನಾನು ಮತ್ತು ಹಾರ್ಮೋನಿಯಂ ಮೇಷ್ಟ್ರು ಅಣ್ಣನಿಗೆ ಹೊಸ ಸಾಲುಗಳನ್ನು ಹೇಳಿಕೊಟ್ಟೆವು. ಕಲಿಯುತ್ತಿದ್ದ, ಮರುದಿನಕ್ಕೆ ಖಾಲಿ. ಹಳೆಯ ಧಾಟಿ ಕಿವಿಗೆ ಬಿದ್ದೊಡನೆ ಹಳೆಯ ಸಾಲೇ ಬಾಯಿಗೆ ಬರುತ್ತಿತ್ತು. ಧಾಟಿಯನ್ನೇ ಬದಲಿಸೋಣವೆಂದರೆ ಜನ ಒಪ್ಪುವುದಿಲ್ಲವೆಂದು ಯಜಮಾನರು ಹೇಳಿದರು. ಕಡೆಗೆ ಮೇಷ್ಟ್ರು ಒಂದು ಉಪಾಯ ಹುಡುಕಿದರು. ನಾಲ್ಕನೇ ಸಾಲು ಮುಗಿದಾಗ ಅವರು ಒಂದು ಉಸಿರಿನಷ್ಟು ಹೊತ್ತು ಹಾರ್ಮೋನಿಯಂ ತಿದಿ ನಿಲ್ಲಿಸುವುದು. ಆ ನಿಶ್ಶಬ್ದದಲ್ಲಿ ಅಣ್ಣ ಎಡಕ್ಕೆ ನೋಡುವುದು. ನಾನು 'ಪುಣ್ಯಾತ್ಮ' ಎಂದು ಕೊಡುವುದು. ಆ ಒಂದು ಪದ ಸಿಕ್ಕಿದರೆ ಉಳಿದ ಸಾಲು ಹಿಂದೆಯೇ ಬರುತ್ತಿತ್ತು. ಈ ಊರಿನ ಮೊದಲ ನಾಲ್ಕು ಆಟಗಳೂ ಹೀಗೆಯೇ ಸುಸೂತ್ರವಾಗಿ ನಡೆದವು. ಮೊದಲ ಸಾಲಿನ ಕುರ್ಚಿಯಲ್ಲಿ ಒಪ್ಪಿಗೆಯ ಪುಸ್ತಕ ಹಿಡಿದು, ಸಾಲು ಸಾಲಿಗೂ ಬೆರಳಿಟ್ಟು ತಾಳೆ ನೋಡುತ್ತಿದ್ದ ಪೇದೆಯವರನ್ನು ಕೇಳಿದರೆ ತಿಳಿಯುತ್ತದೆ.

ಇದೇ ತಿಂಗಳು ಎಂಟನೇ ತಾರೀಕು ಭಾನುವಾರ ಮಧ್ಯಾಹ್ನ ಮೂರು ಗಂಟೆಯ ಆಟ. ಥಿಯೇಟರು ತುಂಬಿ ಬಾಗಿಲ ಬಳಿಯೂ ಜನ ನಿಂತಿದ್ದರು. ಅಣ್ಣ ಅಂದು ಬಹಳ ಚೆನ್ನಾಗಿದ್ದ. ಬೆಳಗ್ಗೆ ಊರಿನ ಹೆಸರು ಕೇಳಿರಲಿಲ್ಲ. ನಾಲ್ಕೂ ಇಪ್ಪತ್ತಕ್ಕೆ ಟೋಪಿ ಹಾಡು ಶುರುವಾಯಿತು. ನಾಲ್ಕನೇ ಸಾಲಿನಲ್ಲಿ ಟೋಪಿಯನ್ನು ಹುಬ್ಬಿನ ಮೇಲೆ ಇಳಿಸಿ, ಕುರುಡನಂತೆ ತಡಕಾಡಿ, ಕಂಬಕ್ಕೆ ಸಲಾಮು ಹೊಡೆದ. ಇದು ನಾಟಕದಲ್ಲಿ ಇಲ್ಲ, ಅಂದೇ ಹೊಳೆದದ್ದು. ಜನ ಬಿದ್ದು ಬಿದ್ದು ನಕ್ಕರು, ಚಪ್ಪಾಳೆ ಹೊಡೆದರು. ಅದೇ ಹೊತ್ತಿಗೆ ಮೇಷ್ಟ್ರು ತಿದಿ ನಿಲ್ಲಿಸಿದರು. ಅಣ್ಣ ಎಡಕ್ಕೆ ತಿರುಗಿದ. ಟೋಪಿ ಅವನ ಕಣ್ಣಿನ ಮೇಲೆ ಇತ್ತು. ನನ್ನ ತುಟಿ ಅವನಿಗೆ ಕಾಣಲಿಲ್ಲ, ನನ್ನ ದನಿ ಚಪ್ಪಾಳೆಯಲ್ಲಿ ಮುಳುಗಿತು. ನಾನು ಎರಡನೇ ಸಲ ಕೊಟ್ಟೆ, ಮೂರನೇ ಸಲ ಕೊಟ್ಟೆ. ಅಷ್ಟರಲ್ಲಿ ಹಾರ್ಮೋನಿಯಂ ಮುಂದುವರಿದು, ಅಣ್ಣ ಕೆಂಪು ಶಾಯಿಯ ಸಾಲುಗಳನ್ನು ಹಾಡಿಬಿಟ್ಟ.

ಥಿಯೇಟರು ಸ್ತಬ್ಧವಾಯಿತು. ಎಷ್ಟು ಹೊತ್ತು ಎಂದು ರೈಟರ್ ಕೇಳಿದ್ದಾರೆ. ನಾನು ಐದು ಎಣಿಸುವಷ್ಟು ಹೊತ್ತು ಎಂದು ಹೇಳುತ್ತೇನೆ. ಆಮೇಲೆ ಹಿಂದಿನ ಬೆಂಚುಗಳಿಂದ ಯಾರೋ ಒನ್ಸ್ ಮೋರ್ ಎಂದರು. ಆಮೇಲೆ ಎಲ್ಲರೂ ಎಂದರು.

ಒನ್ಸ್ ಮೋರ್ ಬಂದರೆ ಹಾಡನ್ನು ಮೊದಲಿನಿಂದ ಹಾಡಲೇಬೇಕು. ಇದು ಎಲ್ಲ ಕಂಪನಿಗಳ ಪದ್ಧತಿ. ಹಾರ್ಮೋನಿಯಂ ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು, ಆದರೆ ಅವರ ಕೈಗಳು ಆಗಲೇ ಮೊದಲ ಸಾಲು ನುಡಿಸುತ್ತಿದ್ದವು. ನಾನು ಸ್ಟೂಲು ಬಿಟ್ಟು ಹದಿನೆಂಟು ಅಡಿ ದೂರದಲ್ಲಿದ್ದ ಪರದೆ ಎಳೆಯುವವನ ಹತ್ತಿರ ಓಡಿ, ಪರದೆ ಬಿಡು ಎಂದೆ. ಒನ್ಸ್ ಮೋರ್ ನಡೆಯುವಾಗ ಯಜಮಾನರ ಗಂಟೆಯಾಗದೆ ಪರದೆ ಬಿಟ್ಟರೆ ತನ್ನ ಕೆಲಸ ಹೋಗುತ್ತದೆ ಎಂದು ಅವನು ಹೇಳಿದ. ಅವನದೂ ತಪ್ಪಲ್ಲ. ಯಜಮಾನರು ಹೊರಗಿನ ಗೇಟಿನಲ್ಲಿದ್ದರು. ನಾನು ವಾಪಸು ಸ್ಟೂಲಿಗೆ ಬರುವಷ್ಟರಲ್ಲಿ ನಾಲ್ಕನೇ ಸಾಲು ಮುಗಿದಿತ್ತು. ಅಣ್ಣ ಎಡಕ್ಕೆ ನೋಡಿದಾಗ ಸ್ಟೂಲು ಖಾಲಿ ಇತ್ತು. ಅವನು ಎರಡನೇ ಸಲವೂ ಹಳೆಯ ಸಾಲನ್ನೇ ಹಾಡಿದ. ಮತ್ತೆ ಒನ್ಸ್ ಮೋರ್ ಬಂತು. ಮೂರನೇ ಸಲ ಹಾಡುವಾಗ ಅವನ ದನಿ ಕೇಳಿಸಲೇ ಇಲ್ಲ, ಇಡೀ ಥಿಯೇಟರೇ ಹಳೆಯ ಸಾಲನ್ನು ಹಾಡುತ್ತಿತ್ತು. ಪೇದೆಯವರು ಎದ್ದು ನಿಂತು ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಮೊದಲಿನಿಂದ ಕೊನೆಯವರೆಗೆ ಹನ್ನೊಂದು ನಿಮಿಷ.

ಒಂದು ಸಲ ಹಾಡಿದ್ದರೆ ಬಾಯಿತಪ್ಪು ಎನ್ನಬಹುದಾಗಿತ್ತು, ಮೂರು ಸಲ ಹಾಡಿದ್ದು ಉದ್ಧಟತನ ಎಂದು ಇನ್ಸ್‌ಪೆಕ್ಟರ್ ಸಾಹೇಬರು ಹೇಳಿದ್ದಾರೆ. ಬೇರೆ ಯಾರ ವಿಷಯದಲ್ಲಾದರೂ ನಾನೂ ಹಾಗೆಯೇ ಹೇಳುತ್ತಿದ್ದೆ.

ಐದೂ ಹತ್ತಕ್ಕೆ ಅಣ್ಣನನ್ನು ಬಣ್ಣದ ಕೋಣೆಯಲ್ಲಿ ದಸ್ತಗಿರಿ ಮಾಡಲಾಯಿತು. ಮುಖದ ಬಣ್ಣ ತೆಗೆದಿರಲಿಲ್ಲ. ಅವನು ದಫೇದಾರರನ್ನು ಹೊಸದಾಗಿ ಸೇರಿದ ನಟ ಎಂದುಕೊಂಡು, ಮೀಸೆ ಬಹಳ ಚೆನ್ನಾಗಿ ಅಂಟಿದೆ, ಆದರೆ ಬೆವರಿಗೆ ಬಿಚ್ಚುತ್ತದೆ, ಹುಷಾರು ಎಂದು ಹೇಳಿದ. ದಫೇದಾರರು ಇದನ್ನು ಸರ್ಕಾರಿ ನೌಕರರ ಅಪಹಾಸ್ಯ ಎಂದು ವರದಿಯಲ್ಲಿ ಬರೆದಿದ್ದಾರೆ. ಅದು ಅಪಹಾಸ್ಯವಲ್ಲ. ಅವನು ಮನಸಾರೆ ಬುದ್ಧಿ ಹೇಳಿದ್ದು.

ಅಂದು ಸಂಜೆ ಆರೂವರೆಯಿಂದ ಠಾಣೆಯ ಮುಂದೆ ಜನ ಸೇರಿದರು. ಹೂವು ತಂದಿದ್ದರು, ಟೋಪಿ ಹಾಡು ಹಾಡುತ್ತಿದ್ದರು. ಏಳು ಗಂಟೆಗೆ ಯಜಮಾನರು ನನ್ನನ್ನು ತಮ್ಮ ಗುಡಾರಕ್ಕೆ ಕರೆಸಿದರು. ಊರಿನ ದೊಡ್ಡ ವಕೀಲರೊಬ್ಬರು ತಾವಾಗಿ ಮುಂದೆ ಬಂದಿದ್ದಾರೆಂದೂ, ಟೋಪಿ ಮೇಷ್ಟ್ರು ಎದೆಗಾರಿಕೆಯಿಂದ ಹಾಡಿದರೆಂದೇ ವಾದಿಸುತ್ತಾರೆಂದೂ, ಆರು ತಿಂಗಳೋ ವರ್ಷವೋ ಒಳಗಿದ್ದು ಹುಲಿಯ ಹಾಗೆ ಹೊರಗೆ ಬರುತ್ತಾನೆಂದೂ ಹೇಳಿದರು. ಆಗ ನಾನು ಅಣ್ಣನ ಮರೆವಿನ ವಿಷಯ ಅವರಿಗೆ ಮೊದಲ ಬಾರಿಗೆ ತಿಳಿಸಿದೆ. ಯಜಮಾನರು ಎದ್ದು ಗುಡಾರದ ಬಾಗಿಲ ಪರದೆ ಎಳೆದರು. ಆಮೇಲೆ, ಇದು ಹೊರಗೆ ಬಿದ್ದರೆ ಇವತ್ತು ಹೂವು ತಂದ ಜನವೇ ನಾಳೆ ನಗುತ್ತಾರೆ, ಆದ್ದರಿಂದ ತುಟಿ ಪಿಟಕ್ಕೆನ್ನಬೇಡ ಎಂದು ಹೇಳಿದರು. ನಗಿಸುವುದೇ ಅವನ ಕಸುಬು ಎಂದು ನಾನು ಹೇಳಬಹುದಾಗಿತ್ತು.

ಗುಡಾರಕ್ಕೆ ಬಂದು ಅತ್ತಿಗೆಯವರಿಗೆ ಇದನ್ನು ಹೇಳಿದೆ. ಅವರು ಅಣ್ಣನ ಮೂಟೆಯವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಅವರು ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ. "ದಿನಾ ಬೆಳಗ್ಗೆ ನಾನು ಯಾರು ಅಂತ ನಾನೇ ಹೇಳ್ಬೇಕು ಅವರಿಗೆ. ಹೇಳಿದ್ಮೇಲೆ ನೆಮ್ಮದಿಯಾಗಿ ಕಾಫಿ ಕುಡೀತಾರೆ. ಜೈಲಲ್ಲಿ ಯಾರು ಹೇಳ್ತಾರಪ್ಪ?"

ಒಂಬತ್ತನೇ ತಾರೀಕು ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ನಾನು ಮತ್ತು ಅತ್ತಿಗೆಯವರು ಇನ್ಸ್‌ಪೆಕ್ಟರ್ ಸಾಹೇಬರನ್ನು ಕಂಡು ಎಲ್ಲವನ್ನೂ ಹೇಳಿದೆವು. ಸಾಹೇಬರು ಕೊನೆಯವರೆಗೆ ಕೇಳಿದರು. ಗದರಿಸಲಿಲ್ಲ. ಅತ್ತಿಗೆಯವರಿಗೆ ಕುರ್ಚಿ ಹಾಕಿಸಿದರು. ಸಿಕ್ಕಿಬಿದ್ದ ಮೇಲೆ ಎಲ್ಲರಿಗೂ ಮರೆವು ಬರುತ್ತದೆ, ಆದ್ದರಿಂದ ಪರೀಕ್ಷೆ ಮಾಡಿಯೇ ನೋಡುತ್ತೇನೆ ಎಂದರು. ಹಾರ್ಮೋನಿಯಂ ಮೇಷ್ಟ್ರು ಬರಲಿ, ಆರೋಪಿ ಒಪ್ಪಿಗೆಯ ಹಾಡನ್ನು ನನ್ನ ಮುಂದೆ ಹಾಡಲಿ, ಹಳೆಯ ಸಾಲು ಹಾಡಿದರೆ ಅಥವಾ ಹಾಡಲಾರದೆ ನಿಂತರೆ ಸರ್ಕಾರಿ ಡಾಕ್ಟರಿಗೆ ಬರೆಯುತ್ತೇನೆ, ಡಾಕ್ಟರು ಹೌದೆಂದರೆ ಮನೆಗೆ ಕರೆದುಕೊಂಡು ಹೋಗಿ ಎಂದು ಹೇಳಿದರು. ಇದಕ್ಕಿಂತ ನ್ಯಾಯವಾದ ಮಾತನ್ನು ನಾನು ಯಾವ ಅಧಿಕಾರಿಯ ಬಾಯಲ್ಲೂ ಕೇಳಿಲ್ಲ. ಅತ್ತಿಗೆಯವರು ದಾರಿಯುದ್ದಕ್ಕೂ ಅಳುತ್ತಾ ಬಂದರು, ಆದರೆ ಅದು ಸಮಾಧಾನದ ಅಳು.

ಹತ್ತನೇ ತಾರೀಕು ಮಂಗಳವಾರ ಹನ್ನೊಂದು ಗಂಟೆಗೆ ಠಾಣೆಯ ಹಿಂದಿನ ಕೋಣೆಯಲ್ಲಿ ಪರೀಕ್ಷೆ ನಡೆಯಿತು. ಕೋಣೆಯ ಅಳತೆ ಸುಮಾರು ಹದಿನಾರಕ್ಕೆ ಹನ್ನೆರಡು ಅಡಿ. ಸಾಹೇಬರು ಮೇಜಿನ ಹಿಂದೆ ಕುಳಿತಿದ್ದರು, ರೈಟರ್ ಬಾಗಿಲ ಬಳಿ. ಅಣ್ಣ ನಡುವೆ ನಿಂತಿದ್ದ. ನನಗೆ ಗೋಡೆಯ ಹತ್ತಿರದ ಬೆಂಚು ತೋರಿಸಿದರು. ಆ ಬೆಂಚು ಅಣ್ಣನ ಎಡಗಡೆಗೆ, ಒಂಬತ್ತು ಅಡಿ ದೂರದಲ್ಲಿತ್ತು. ಯಾರೂ ಬೇಕೆಂದು ಹಾಗೆ ಕೂರಿಸಲಿಲ್ಲ, ಖಾಲಿ ಇದ್ದ ಬೆಂಚು ಅದೊಂದೇ.

ನಾನು ತುಟಿ ಬಿಚ್ಚಬಾರದು ಎಂದು ತೀರ್ಮಾನಿಸಿಯೇ ಹೋಗಿದ್ದೆ. ಅಣ್ಣ ತಪ್ಪಿದರೆ ಬಿಡುಗಡೆ, ತಪ್ಪದಿದ್ದರೆ ಜೈಲು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಮೊದಲ ನಾಲ್ಕು ಸಾಲು ಹಾಡಿದ. ಹಾರ್ಮೋನಿಯಂ ಮೇಷ್ಟ್ರು ಅಭ್ಯಾಸಬಲದಿಂದ ತಿದಿ ನಿಲ್ಲಿಸಿದರು. ಅಣ್ಣ ಅಭ್ಯಾಸಬಲದಿಂದ ಎಡಕ್ಕೆ ತಿರುಗಿದ. ಅವನ ಕಣ್ಣು ನನ್ನ ಮುಖಕ್ಕೆ ಬಂತು.

ನಾನು ಕೊಟ್ಟುಬಿಟ್ಟೆ.

ಯೋಚಿಸಿ ಕೊಟ್ಟದ್ದಲ್ಲ. ನಡೆಯುವಾಗ ಎಡವಿದರೆ ಕೈ ತಾನಾಗಿ ಮುಂದೆ ಬರುತ್ತದೆ, ಹಾಗೆ ಬಂತು. ನನ್ನ ತುಟಿ ಅಲ್ಲಾಡಿದ್ದು ನನಗೆ ತಿಳಿದದ್ದೇ ಅಣ್ಣ ಹೊಸ ಸಾಲು ಹಿಡಿದ ಮೇಲೆ. ಪುಣ್ಯಾತ್ಮನೂ ಬಂದ, ಧನ್ಯನೂ ಬಂದ, ಗೂಟವೂ ಬಂತು. ಹತ್ತೊಂಬತ್ತು ದಿನದ ಅಭ್ಯಾಸದಲ್ಲಿಯೂ ಅವನು ಅಷ್ಟು ಶುದ್ಧವಾಗಿ ಹಾಡಿರಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಲೆ ಎತ್ತದೆ ಕುಳಿತಿದ್ದರು.

ಸಾಹೇಬರು ಪೆನ್ನು ಕೆಳಗಿಟ್ಟು, ನೆನಪು ಚೆನ್ನಾಗಿಯೇ ಇದೆಯಲ್ಲ ಎಂದರು. ನಾನು ಎದ್ದು ನಿಂತು, ಪದ ಕೊಟ್ಟವನು ನಾನು ಎಂದು ಹೇಳಿದೆ. ರೈಟರ್ ಅವರು ನನ್ನಿಂದ ಮೂರು ಅಡಿ ದೂರದಲ್ಲಿ ಇದ್ದವರು, ತಮಗೆ ಏನೂ ಕೇಳಿಸಲಿಲ್ಲ ಎಂದರು. ಸಾಹೇಬರು ನನಗೆ ಮತ್ತೆ ಅದೇ ಬೆಂಚಿನಲ್ಲಿ ಕೂತು ಏನಾದರೂ ಪದ ಕೊಡು ಎಂದು ಹೇಳಿ, ತಾವೇ ಅಣ್ಣ ನಿಂತಿದ್ದ ಜಾಗದಲ್ಲಿ ನಿಂತರು. ನಾನು ಕೊಟ್ಟೆ. ಅವರಿಗೆ ತಿಳಿಯಲಿಲ್ಲ. ಇನ್ನೊಂದು ಕೊಟ್ಟೆ. ಅದೂ ತಿಳಿಯಲಿಲ್ಲ. ಮೂವತ್ತೆಂಟು ವಯಸ್ಸಿನ ತಮಗೆ ತಿಳಿಯದ್ದು ಅರವತ್ತೊಂದರ ಮುದುಕನಿಗೆ ಹೇಗೆ ತಿಳಿಯಿತು ಎಂದು ಅವರು ಕೇಳಿದರು. ನನ್ನ ಬಳಿ ಉತ್ತರವಿತ್ತು, ಆದರೆ ಪುರಾವೆ ಇರಲಿಲ್ಲ. ಈ ಕಸುಬನ್ನು ಇಷ್ಟು ಚೆನ್ನಾಗಿ ಯಾಕೆ ಕಲಿತೆನೋ ಎಂದು ಅಂದು ಅನಿಸಿತು.

ಅತ್ತಿಗೆಯವರು ಸಂಜೆ ನಾಲ್ಕು ಗಂಟೆಗೆ ಒಬ್ಬರೇ ಹೋಗಿ ಸಾಹೇಬರ ಕಾಲು ಹಿಡಿದರೆಂದು ಆಮೇಲೆ ತಿಳಿಯಿತು. ಸಾಹೇಬರು ಇನ್ನೊಂದು ಅವಕಾಶ ಕೊಡಲು ಒಪ್ಪಿದರು. ಹಾಡು ಬೇಡ, ಒಂದೇ ಪ್ರಶ್ನೆ ಕೇಳುತ್ತೇನೆ. ಭಾನುವಾರ ಏನು ಹಾಡಿದೆ, ಯಾಕೆ ಹಾಡಿದೆ ಎಂದು. ಉತ್ತರ ಗೊತ್ತಿಲ್ಲದೆ ನಿಂತರೆ ಡಾಕ್ಟರಿಗೆ ಬರೆಯುತ್ತೇನೆ. ತಮ್ಮನೂ ಕೋಣೆಯಲ್ಲಿರಲಿ, ಆದರೆ ಬಾಯಿ ಮುಚ್ಚಿಕೊಂಡಿರಲಿ ಎಂದು ಹೇಳಿ ಕಳಿಸಿದರು.

ಇಂದು ಹನ್ನೊಂದನೇ ತಾರೀಕು ಬುಧವಾರ ಹತ್ತೂವರೆಗೆ ಅಣ್ಣನನ್ನು ಅದೇ ಕೋಣೆಗೆ ಕರೆತಂದರು. ನಾನು ಟವೆಲಿನ ತುದಿಯನ್ನು ಬಾಯಿಗೆ ತುರುಕಿ ಹಲ್ಲಿನಿಂದ ಕಚ್ಚಿಕೊಂಡಿದ್ದೆ. ಸಾಹೇಬರು ಪ್ರಶ್ನೆ ಕೇಳಿದರು. ಅಣ್ಣನಿಗೆ ಭಾನುವಾರದ ಸುಳಿವೇ ಇರಲಿಲ್ಲ, ಅವನ ಮುಖದಲ್ಲಿ ಅದು ನನಗೆ ಕಾಣುತ್ತಿತ್ತು. ಅವನು ನನ್ನ ಕಡೆ ನೋಡಿದ. ನಾನು ಕೊಡಲಿಲ್ಲ. ಅವನು ಸ್ವಲ್ಪ ನಕ್ಕು, ಪ್ರಶ್ನೆ ನನಗೆ ಕೇಳಿಸಲಿಲ್ಲವೇನೋ ಎಂಬಂತೆ ಮತ್ತೆ ನೋಡಿದ. ಕೊಡಲಿಲ್ಲ. ಗೋಡೆ ಗಡಿಯಾರದಲ್ಲಿ ಒಂದು ನಿಮಿಷ ನಲವತ್ತು ಸೆಕೆಂಡು ಆಯಿತು. ಅವನು ನನ್ನತ್ತ ಒಂದು ಹೆಜ್ಜೆ ಇಟ್ಟು ನಿಂತ. ಮೂವತ್ತೊಂದು ವರ್ಷಗಳಲ್ಲಿ ನಾನು ಅವನನ್ನು ನಾಲ್ಕು ಜನರ ಮುಂದೆ ಹಾಗೆ ಬಿಟ್ಟವನಲ್ಲ. ಆದರೂ ಇನ್ನು ಸ್ವಲ್ಪ ಹೊತ್ತು, ಇನ್ನು ಸ್ವಲ್ಪವೇ ಹೊತ್ತು ಎಂದು ಹಲ್ಲು ಕಚ್ಚಿ ಕುಳಿತೆ. ಸಾಹೇಬರು ಡಾಕ್ಟರಿಗೆ ಬರೆಯುವ ನಮೂನೆಯ ಕಾಗದವನ್ನು ತಮ್ಮ ಮುಂದಕ್ಕೆ ಎಳೆದುಕೊಂಡರು. ಅದನ್ನು ನಾನು ಕಣ್ಣಾರೆ ನೋಡಿದೆ.

ಆಗ ಅಣ್ಣ ಕೋಣೆಯನ್ನು ಒಮ್ಮೆ ಸುತ್ತಲೂ ನೋಡಿದ. ಮೇಜು, ಅದರ ಹಿಂದೆ ಅಧಿಕಾರಿ, ಬಾಗಿಲಲ್ಲಿ ಪೇದೆ. ಇದು ಯಾವ ದೃಶ್ಯ ಎಂದು ಅವನಿಗೆ ಗೊತ್ತಾಯಿತು. ಮಾತು ಕೈಕೊಟ್ಟಾಗ, ಪ್ರಾಂಪ್ಟರೂ ಕೈಕೊಟ್ಟಾಗ, ದೃಶ್ಯಕ್ಕೆ ಒಪ್ಪುವ ಯಾವುದಾದರೂ ಮಾತನ್ನು ಎಲ್ಲಿಂದಾದರೂ ತಂದು ಹಾಕುವುದು ಅನುಭವಸ್ಥ ನಟನ ಲಕ್ಷಣ. ಅಣ್ಣ ಬೆನ್ನು ನೆಟ್ಟಗೆ ಮಾಡಿದ, ಗಟ್ಟಿ ದನಿಯಲ್ಲಿ ಹೇಳಿದ:

"ಪ್ರಭುಗಳೇ, ನಾನು ಆಡಿದ ಮಾತು ನನ್ನದೇ. ಅದನ್ನು ಹಿಂದಕ್ಕೆ ಪಡೆಯಲು ನನ್ನಲ್ಲಿ ಎರಡನೆಯ ನಾಲಗೆ ಇಲ್ಲ. ಶಿಕ್ಷೆಯನ್ನು ವಿಧಿಸಿ. ನನ್ನ ಜನ ಕೇಳಿದರು, ನಾನು ಹಾಡಿದೆನು."

ಬಾಗಿಲಲ್ಲಿದ್ದ ಪೇದೆಯವರು ಅಟೆನ್ಷನ್ ನಿಂತರು. ರೈಟರ್ ಅವರ ಪೆನ್ನು ನಿಂತಿತು. ಇದನ್ನು ಅವರೇ ಬರೆಯುತ್ತಿದ್ದಾರೆ, ಸುಳ್ಳಾದರೆ ಈ ಸಾಲನ್ನು ಹೊಡೆದು ಹಾಕಲಿ. ಸಾಹೇಬರು ನಮೂನೆಯ ಕಾಗದವನ್ನು ಮೇಜಿನ ಖಾನೆಗೆ ವಾಪಸು ಹಾಕಿ, ಅಣ್ಣ ಹೇಳಿದ್ದನ್ನು ತಪ್ಪೊಪ್ಪಿಗೆ ಎಂದು ಬರೆಸಿಕೊಂಡರು.

ಅಣ್ಣನನ್ನು ಲಾಕಪ್ಪಿಗೆ ಕರೆದುಕೊಂಡು ಹೋದ ಮೇಲೆ ನಾನು ಸಾಹೇಬರಿಗೆ ವಿವರಿಸಿದೆ. ಆ ಮಾತುಗಳು ನಾವು ಮೊದಲು ಇದ್ದ ಕಂಪನಿಯ ಒಂದು ದುಃಖಾಂತ ನಾಟಕದ ಆಸ್ಥಾನದ ದೃಶ್ಯದವು. ನಾಯಕನ ಪಾತ್ರಧಾರಿಗೆ ಜ್ವರ ಬಂದು ಅಣ್ಣ ಹನ್ನೊಂದು ದಿನ ಆ ಪಾತ್ರ ಮಾಡಿದ್ದ. ಜೀವಮಾನದಲ್ಲಿ ಅವನಿಗೆ ಸಿಕ್ಕಿದ ನಾಯಕನ ಪಾತ್ರ ಅದೊಂದೇ. ಆಗಲೂ ವಿಂಗಿನಿಂದ ಮಾತು ಕೊಡುತ್ತಿದ್ದವನು ನಾನೇ. ಪುಸ್ತಕ ಎಲ್ಲಿದೆ ಎಂದು ಸಾಹೇಬರು ಕೇಳಿದರು. ಆ ಕಂಪನಿ ಮುಚ್ಚಿ ಇಪ್ಪತ್ತೇಳು ವರ್ಷವಾಯಿತು, ಇದ್ದ ಒಂದು ಕೈಬರಹದ ಪ್ರತಿಯನ್ನು ಗೆದ್ದಲು ತಿಂದಿತು. ಬೇರೆ ಯಾರಾದರೂ ಬಲ್ಲವರಿದ್ದಾರೆಯೇ ಎಂದು ಕೇಳಿದರು. ಇದ್ದರೆ ಎಲ್ಲಿದ್ದಾರೆ ಎಂದು ನನಗೆ ಗೊತ್ತಿಲ್ಲ. ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, ಅಣ್ಣನಿಗೆ ನಿನಗಿಂತ ಹೆಚ್ಚು ಮರ್ಯಾದೆ ಇದೆ, ಅದನ್ನು ಕೆಡಿಸಬೇಡ ಎಂದು ಹೇಳಿದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಬೇಕಾದರೆ ಹೇಳಿಕೆ ಬರೆಸು, ಕಡತಕ್ಕೆ ಸೇರಿಸುತ್ತೇನೆ ಎಂದರು. ಅದರಂತೆ ಬರೆಸುತ್ತಿದ್ದೇನೆ.

ಬರೆಸಲು ಕೂರುವ ಮೊದಲು, ಹನ್ನೊಂದೂ ನಲವತ್ತಕ್ಕೆ, ಅತ್ತಿಗೆಯವರು ಕೊಟ್ಟ ಊಟದ ಡಬ್ಬಿಯನ್ನು ಲಾಕಪ್ಪಿನ ಕಂಬಿಯ ಬಳಿಗೆ ತೆಗೆದುಕೊಂಡು ಹೋದೆ. ಅಣ್ಣ ಗೋಡೆಗೆ ಒರಗಿ ಕುಳಿತಿದ್ದ. ಏನು ನಡೆಯಿತೆಂಬುದು ಅವನಿಗೆ ನೆನಪಿರಲಿಲ್ಲ. ಆದರೆ ಒಳ್ಳೆಯ ಆಟ ಮುಗಿಸಿ ಬಂದಾಗ ಅವನ ಮುಖ ಹೇಗೆ ಇರುತ್ತದೋ ಹಾಗೆ ಇತ್ತು. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದ.

"ನೀನ್ಯಾಕೋ ಕೊಡ್ಲಿಲ್ಲ? ಪರವಾಗಿಲ್ಲ ಬಿಡು, ನಾನೇ ಸಂಭಾಳಿಸ್ದೆ. ಸರಿಯಾಗಿತ್ತಾ?"

"ಒಂದಕ್ಷರ ತಪ್ಪಿಲ್ಲ, ಅಣ್ಣ," ಎಂದೆ.

ಇಲ್ಲಿಯವರೆಗೆ ಬರೆಸಿದ್ದೆಲ್ಲವೂ ನನ್ನ ತಿಳಿವಳಿಕೆಯ ಮಟ್ಟಿಗೆ ನಿಜ. ರೈಟರ್ ಅವರು ಇದನ್ನು ನನಗೆ ಮೊದಲಿನಿಂದ ಓದಿ ಹೇಳಿದರು, ನಾನು ಹೇಳಿದಂತೆಯೇ ಇದೆ ಎಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ರೈಟರ್ ಕೋಣೆ
ದಿನಾಂಕ: ಹನ್ನೊಂದನೇ ತಾರೀಕು, ಬುಧವಾರ, ಮಧ್ಯಾಹ್ನ ಎರಡೂ ಹತ್ತು
ಸಹಿ: ಪ್ರಾಂಪ್ಟರ್, ಆರೋಪಿಯ ತಮ್ಮ